ಟೆನ್‌ಬ್ರೂಕ್ ಕೋಟೆಯ ರವಿರಾಜಣ್ಣ

ರವಿರಾಜಣ್ಣ ಹೇಳುವುದರಲ್ಲಿ ಅರ್ಧವನ್ನು ಬಿಟ್ಟು ಕೇಳಬೇಕು ಎನ್ನುವುದು ಕೋಲ್ಕತ್ತದ ಕನ್ನಡಿಗರೆಲ್ಲರೂ ಒಪ್ಪುವ ಏಕೈಕ ವಿಷಯ. ಉಳಿದ ಯಾವುದರಲ್ಲೂ ನಮ್ಮಲ್ಲಿ ಒಮ್ಮತವಿಲ್ಲ. ರಾಜ್ಯೋತ್ಸವವನ್ನು ನವೆಂಬರಿನಲ್ಲೇ ಮಾಡಬೇಕೋ, ಹಾಲ್ ಸಿಕ್ಕ ತಿಂಗಳಲ್ಲಿ ಮಾಡಿದರೆ ಸಾಕೋ ಎಂಬುದಕ್ಕೇ ಇಲ್ಲಿ ಎರಡು ಪಂಗಡಗಳಿವೆ. ಎರಡೂ ಪಂಗಡದವರು ಊಟಕ್ಕೆ ಮಾತ್ರ ರವಿರಾಜಣ್ಣನಿಗೇ ಹೇಳುತ್ತಾರೆ.

ಲೇಕ್ ಗಾರ್ಡನ್ಸ್ ಸ್ಟೇಷನ್ನಿನಲ್ಲಿ ಇಳಿದು ಮೀನಿನವರ ಸಾಲು ದಾಟಿದರೆ, ಹಸಿರು ಕಿಟಕಿಗಳ ಹಳೆಯ ಮನೆಯೊಂದರ ಕೆಳಗಡೆ ಅವರ ಊಟದ ಹೋಟೆಲು. ಬೆಳಿಗ್ಗೆ ಟಾಲಿಗಂಜಿನ ಸಿನಿಮಾ ಸ್ಟುಡಿಯೋಗಳಿಗೆ ಇಡ್ಲಿ, ವಡೆ ಹೋಗುತ್ತದೆ. ಮಧ್ಯಾಹ್ನ ನಮ್ಮಂಥವರಿಗೆ ಊಟ. ಪೂಜೆ, ನಾಮಕರಣಗಳಿದ್ದರೆ ಕೇಟರಿಂಗ್. ಅಡುಗೆಯೆಲ್ಲ ಅವರ ಹೆಂಡತಿ ರತ್ನಾವತಿಯವರದು, ಅಂದರೆ ನಮ್ಮೆಲ್ಲರ ರತ್ನಕ್ಕನದು. ಬಡಿಸುವುದು ಮತ್ತು ಮಾತಾಡುವುದು ರವಿರಾಜಣ್ಣನದು. ಎರಡನ್ನೂ ಅವರು ಒಟ್ಟಿಗೆ ಮಾಡುವುದರಿಂದ ಎಷ್ಟೋ ಸಲ ನನ್ನ ತಟ್ಟೆಗೆ ಸಾರು ಬೀಳುವ ಮೊದಲು ಅನ್ನ ಆರಿಹೋಗಿರುತ್ತದೆ.

ನಾನು ಬೆಂಗಳೂರಿನವಳು, ಹೆಸರು ನಿಹಾರಿಕಾ, ಪಾರ್ಕ್ ಸ್ಟ್ರೀಟಿನ ಆಫೀಸೊಂದರಲ್ಲಿ ಕೆಲಸ. ಬಂದ ಹೊಸದರಲ್ಲಿ ಇಲ್ಲಿಯ ಸಾಸಿವೆ ಎಣ್ಣೆಗೆ ಹೆದರಿ ಈ ಹೋಟೆಲಿಗೆ ಓಡಿಬಂದವಳು. ಈಗ ಸಾಸಿವೆ ಎಣ್ಣೆ ರೂಢಿಯಾಗಿದೆ, ಆದರೂ ಶನಿವಾರ, ಭಾನುವಾರ ಇಲ್ಲಿಗೇ ಬರುತ್ತೇನೆ. ಹಾಗಾಗಿ ರವಿರಾಜಣ್ಣನ ಕತೆಗಳೆಲ್ಲ ನನಗೆ ಬಾಯಿಪಾಠ. ಬಂಗಾಳಿ ಸಿನಿಮಾದ ದೊಡ್ಡ ನಟನೊಬ್ಬನಿಗೆ ಸಾರನ್ನ ಕಲಸಿ ತಿನ್ನುವುದನ್ನು ಕಲಿಸಿದ್ದು ಅವರಂತೆ. ದೊಡ್ಡ ಹೋಟೆಲಿನ ಷೆಫ್ ಒಬ್ಬ ವೇಷ ಮರೆಸಿಕೊಂಡು ಬಂದು ರತ್ನಕ್ಕನ ಗೊಜ್ಜಿನ ಗುಟ್ಟು ಕೇಳಿದನಂತೆ. ಇವೆಲ್ಲ ಚಿಲ್ಲರೆ. ನಿಜವಾದ ದೊಡ್ಡ ಕತೆ ಒಂದಿತ್ತು. ‘ಟೆನ್‌ಬ್ರೂಕ್’ ಎಂಬ ಕಂಪ್ಯೂಟರ್ ಆಟವನ್ನು ಮಾಡಿದ್ದು ತಾನೇ ಎಂದು ಅವರು ಹೇಳುತ್ತಿದ್ದರು.

ಟೆನ್‌ಬ್ರೂಕ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಳೆದ ಶತಮಾನದ ಕೊನೆಗೆ ಬಂದ ಆಟ. ಒಂದು ದೊಡ್ಡ ಕೋಟೆ, ಅದರ ತುಂಬ ಕೋಣೆಗಳು, ಉದ್ದ ಬೂಟು ಹಾಕಿದ ಒಬ್ಬ ಕಳ್ಳಿ. ಅವಳನ್ನು ನಡೆಸಿಕೊಂಡು ಹೋಗಿ ಕದಿಯಬೇಕು. ಆಗಿನ ಹುಡುಗರು ಸೈಬರ್ ಕೆಫೆಗಳಲ್ಲಿ ಪರೀಕ್ಷೆ ಮರೆತು ಆಡಿದ ಆಟ ಅದು. ಅದನ್ನು ಮಾಡಿದ್ದು ಯುರೋಪಿನ ಕಂಪನಿ. ಆದರೆ ಸಾಲ್ಟ್ ಲೇಕಿನಲ್ಲಿ ಆಗ ಇದ್ದ ಒಂದು ಸಣ್ಣ ಕಂಪನಿ ಅವರಿಂದ ಒಂದಷ್ಟು ಕೆಲಸ ತೆಗೆದುಕೊಂಡಿತ್ತು. ಉಡುಪಿಯಲ್ಲಿ ಬಿ.ಕಾಂ. ಮುಗಿಸಿ, ಇಲ್ಲಿದ್ದ ಮಾವನ ಹೋಟೆಲಿಗೆ ಕೈಜೋಡಿಸಲು ಬಂದಿದ್ದ ರವಿರಾಜಣ್ಣ, ಹಾಲಿನ ಕ್ಯಾನಿಗಿಂತ ಕಂಪ್ಯೂಟರ್ ಹಗುರ ಎಂದುಕೊಂಡು ಆ ಕಂಪನಿಗೆ ಸೇರಿದರು. ಕಂಪನಿ ಕೆಲವು ವರ್ಷಗಳಲ್ಲಿ ಮುಚ್ಚಿತು. ಅವರು ಹಾಲಿನ ಕ್ಯಾನಿಗೆ ಮರಳಿದರು. ಇಷ್ಟು ನಿಜ.

ಇದಕ್ಕೆ ಅವರು ಸೇರಿಸುತ್ತಿದ್ದದ್ದು ಊಟಕ್ಕೆ ಕೂತವರನ್ನು ಅವಲಂಬಿಸಿರುತ್ತಿತ್ತು. ಹೊಸಬರಿದ್ದರೆ ಕೋಟೆಯ ನಕ್ಷೆ ತಾನೇ ಬರೆದದ್ದು. ಇನ್ನೂ ಹೊಸಬರಿದ್ದರೆ ಆ ಕಳ್ಳಿಯ ಮುಖಕ್ಕೂ ರತ್ನಕ್ಕನೇ ಮಾದರಿ. ಆಗ ಒಳಗಿನಿಂದ ಸೌಟಿನ ಸದ್ದು ಸ್ವಲ್ಪ ಜೋರಾಗಿ ಕೇಳುತ್ತಿತ್ತು.

ಈ ಕತೆಯಿಂದ ನೋವು ಉಂಡವಳು ಅವರ ಮಗಳು ಪ್ರಣೀತಾ ಒಬ್ಬಳೇ. ಹತ್ತು ವರ್ಷದವಳಾಗಿದ್ದಾಗ ಅವಳು ಎಲ್ಲಿಂದಲೋ ಆ ಆಟದ ಸಿ.ಡಿ. ತಂದು, ಪುಜೋ, ಅಂದರೆ ದುರ್ಗಾಪೂಜೆಯ ರಜೆಯಿಡೀ ಹಟ ಹಿಡಿದು ಆಡಿ ಮುಗಿಸಿದಳಂತೆ. ಆಟ ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಬರುತ್ತವೆ. ಊರಿನಿಂದ ಬಂದಿದ್ದ ದೊಡ್ಡಪ್ಪ, ಚಿಕ್ಕಪ್ಪಂದಿರ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಈಗ ಪಪ್ಪನ ಹೆಸರು ಬರುತ್ತದೆ ನೋಡಿ ಎಂದಳು. ಹೆಸರುಗಳು ಬಂದವು, ಬರುತ್ತಲೇ ಇದ್ದವು. ಕಾಫಿ ತಂದುಕೊಟ್ಟವನ ಹೆಸರಿತ್ತು, ಯಾರದೋ ನಾಯಿಯ ಹೆಸರೂ ಇತ್ತು. ಕೋಲ್ಕತ್ತದ ಒಬ್ಬರ ಹೆಸರೂ ಇರಲಿಲ್ಲ. ಮಕ್ಕಳು ಮಕ್ಕಳೇ, ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅಪ್ಪ ಆ ಕತೆ ಶುರು ಮಾಡಿದರೆ ಪ್ರಣೀತಾ ಎದ್ದು ಅಡುಗೆಮನೆಗೆ ಹೋಗಿ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಾಳೆ.

ಅವಳೀಗ ಬಂಗಾಳಿ ಸಿನಿಮಾಗಳಿಗೆ ಇಂಗ್ಲಿಷಿನಲ್ಲಿ ಸಬ್‌ಟೈಟಲ್ ಬರೆಯುತ್ತಾಳೆ. ನಟ ಹೇಳಿದ್ದಕ್ಕಿಂತ ಒಂದು ಪದ ಹೆಚ್ಚು ಬರೆಯುವವಳಲ್ಲ. ನಿರ್ದೇಶಕರು ಇಲ್ಲೊಂದು ಸ್ವಲ್ಪ ಸೊಗಸು ಸೇರಿಸಮ್ಮ ಎಂದರೆ, ಸೊಗಸು ಬೇಕಿದ್ದರೆ ನಟನ ಬಾಯಿಯಲ್ಲೇ ಹೇಳಿಸಬೇಕಿತ್ತು ಎನ್ನುತ್ತಾಳಂತೆ. ಅಂಥ ಅಪ್ಪನಿಗೆ ಇಂಥ ಮಗಳು.

ಕಳೆದ ಚಳಿಗಾಲದಲ್ಲಿ ನಾನು ನನ್ನ ಸಹೋದ್ಯೋಗಿ ಮನೀಷನನ್ನು ಊಟಕ್ಕೆ ಕರೆತಂದೆ. ಅವನೂ ಕನ್ನಡದವನೇ, ಮೈಸೂರು. ಒಳ್ಳೆಯವನು, ಆದರೆ ಹಳೆಯ ಆಟಗಳ ಮಾತು ಬಂದರೆ ಅವನನ್ನು ಸಹಿಸುವುದು ಕಷ್ಟ. ಇವನಂಥವರದು ಜಗತ್ತಿನಾದ್ಯಂತ ಒಂದು ಬಳಗವಿದೆ. ಇವರಿಗೆ ಆಟ ಆಡುವುದು ಮುಖ್ಯವಲ್ಲ. ಅದು ಮಾರುಕಟ್ಟೆಗೆ ಬರುವ ಮೊದಲು ಹೇಗಿತ್ತು, ಏನನ್ನು ಕಿತ್ತುಹಾಕಿದರು, ಯಾವ ಸಾಫ್ಟ್‌ವೇರಿನಿಂದ ಕೋಣೆಗಳನ್ನು ಕಟ್ಟಿದರು ಎಂದು ಅಗೆಯುವುದೇ ಮುಖ್ಯ. ಮಗುವನ್ನು ಬಿಟ್ಟು ಬಸುರಿಯ ಸ್ಕ್ಯಾನನ್ನೇ ಮುದ್ದಾಡುವ ಜನ.

ಟೆನ್‌ಬ್ರೂಕ್ ಬಿಡುಗಡೆಗೆ ಮೊದಲು ಚಿತ್ರೀಕರಿಸಿದ ಒಂದು ವಿಡಿಯೋ ಕ್ಯಾಸೆಟ್ ಈ ಬಳಗಕ್ಕೆ ಸಿಕ್ಕಿತ್ತು. ಅದರಲ್ಲಿ ಯಾರೋ ಅಪೂರ್ಣ ಆಟವನ್ನು ಆಡುತ್ತಾರೆ. ಆಡುವವರು ಕಾಣುವುದಿಲ್ಲ, ಪರದೆ ಮಾತ್ರ ಕಾಣುತ್ತದೆ. ಕಳ್ಳಿ ಕೋಣೆಯಿಂದ ಕೋಣೆಗೆ ಹೋಗುತ್ತಾಳೆ. ಆದರೆ ಪ್ರತಿ ಬಾಗಿಲಿನ ಮುಂದೆ ಒಂದು ಕ್ಷಣ ನಿಲ್ಲುತ್ತಾಳೆ. ಒಂದು ಪುಟ್ಟ ಹೆಜ್ಜೆ ಇಡುತ್ತಾಳೆ, ಆಮೇಲೆ ಒಳಗೆ ಹೋಗುತ್ತಾಳೆ. ಅಂಗಳದ ನಡುವೆ ಇರುವ ಕಂಬವನ್ನು ಯಾವಾಗಲೂ ಬಲಕ್ಕೇ ಇಟ್ಟುಕೊಂಡು ಸುತ್ತುತ್ತಾಳೆ. ಅಂಗಡಿಗೆ ಬಂದ ಆಟದಲ್ಲಿ ಇಂಥದ್ದು ಯಾವುದೂ ಇಲ್ಲ. ಹಾಗಾದರೆ ಇದನ್ನು ಯಾರು ಮಾಡಿದ್ದರು, ಯಾಕೆ ತೆಗೆದರು? ಬಳಗ ನಿದ್ದೆಗೆಟ್ಟಿತು. ಕೋಣೆ ಕಟ್ಟುವ ಹಳೆಯ ಸಾಫ್ಟ್‌ವೇರನ್ನೂ ಹುಡುಕಿ ತೆಗೆದರು. ಅದರಲ್ಲಿ ಪ್ರತಿ ಬಾಗಿಲಿನ ಎದುರು ಸೊನ್ನೆಯೋ ಒಂದೋ ಇತ್ತು. ಏಕೆಂದು ಯಾರಿಗೂ ಗೊತ್ತಿಲ್ಲ. ಕಳ್ಳಿಯನ್ನು ನಿಲ್ಲಿಸುವ ಗುಪ್ತ ಅಂಕಿ ಅದೇ ಎಂದು ತೀರ್ಮಾನಿಸಿ ಅದಕ್ಕೆ ‘ಹೊಸ್ತಿಲ ನಿಯಮ’ ಎಂದು ಹೆಸರಿಟ್ಟರು. ಅಪರಾಧ ಪ್ರಜ್ಞೆ, ಪರರ ಮನೆ, ಮನುಷ್ಯನ ಹಿಂಜರಿಕೆ ಎಂದೆಲ್ಲ ಅದರ ಮೇಲೆ ಉದ್ದುದ್ದ ಲೇಖನಗಳು ಬಂದವು. ಆ ನಿಯಮವನ್ನು ಮರಳಿ ಸೇರಿಸಿ, ಕಳೆದುಹೋದ ಟೆನ್‌ಬ್ರೂಕನ್ನು ತಾವೇ ಹೊಸದಾಗಿ ಕಟ್ಟುತ್ತೇವೆಂದು ಹೊರಟಿದ್ದರು.

ಇಷ್ಟನ್ನೂ ಮನೀಷ ನನಗೆ ಹುಳಿಯ ಜೊತೆ ಹೇಳಿ, ಮೊಸರಿನ ಹೊತ್ತಿಗೆ ಮೊಬೈಲಿನಲ್ಲಿ ಆ ವಿಡಿಯೋ ತೋರಿಸುತ್ತಿದ್ದ. ಹಪ್ಪಳ ಹಿಡಿದು ಬಂದ ರವಿರಾಜಣ್ಣ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಇದು ಆಡುದು ನಾನು” ಎಂದರು.

“ಶುರು ಮಾಡಿದ್ರಾ ಅಣ್ಣ” ಎಂದೆ ನಾನು.

“ಅಲ್ಲ ಮಾರಾಯ್ತಿ, ನೋಡು, ಆ ಬದಿಯಲ್ಲಿ ಗೆರೆ ಬರ್ತದಲ್ಲ. ನಮ್ಮ ಮಾನಿಟರಿಗೆ ಮಾತ್ರ ಇದ್ದ ಗೆರೆ ಅದು. ಈಗ ನೋಡಿ, ಇವಳು ಮೆಟ್ಟಲು ಇಳಿದು ಅಡುಗೆಕೋಣೆಗೆ ಹೋಗ್ತಾಳೆ, ಅಲ್ಲಿ ಒಲೆಯ ಒಳಗೆ ಬಿದ್ದು ಮಾಯ ಆಗ್ತಾಳೆ. ಆಗ ನಾನು ಟೇಪು ನಿಲ್ಲಿಸಿದ್ದು.”

ಕಳ್ಳಿ ಮೆಟ್ಟಿಲಿಳಿದಳು, ಅಡುಗೆಕೋಣೆಗೆ ಹೋದಳು, ಒಲೆಯೊಳಗೆ ಮಾಯವಾದಳು. ವಿಡಿಯೋ ನಿಂತಿತು. ಮನೀಷನ ಕೈಯಲ್ಲಿ ಮೊಸರನ್ನ ಹಾಗೇ ಉಳಿಯಿತು. ವಿಡಿಯೋದ ಆ ಕೊನೆಯನ್ನು ಬಳಗ ಇನ್ನೂ ಹೊರಗಿನ ಯಾರಿಗೂ ತೋರಿಸಿರಲಿಲ್ಲವಂತೆ.

“ಸರ್” ಎಂದ ಮನೀಷ. ರವಿರಾಜಣ್ಣನನ್ನು ಆ ಹೋಟೆಲಿನಲ್ಲಿ ಯಾರಾದರೂ ಸರ್ ಎಂದದ್ದು ಅದೇ ಮೊದಲು. “ಸರ್, ಹೊಸ್ತಿಲ ನಿಯಮ ನಿಮ್ದೇನಾ? ಅವಳು ಬಾಗಿಲಲ್ಲಿ ಯಾಕೆ ನಿಲ್ತಾಳೆ?”

ರವಿರಾಜಣ್ಣನಿಗೆ ಅವನು ಏನು ಕೇಳುತ್ತಿದ್ದಾನೆಂದು ತಿಳಿಯಲಿಲ್ಲ. ಅದು ನನಗೆ ಸ್ಪಷ್ಟವಾಗಿ ಕಂಡಿತು. ಆದರೆ ತಿಳಿಯದ್ದಕ್ಕೆ ಮಾತು ನಿಲ್ಲಿಸಿದವರಲ್ಲ ಅವರು. ಹಪ್ಪಳವನ್ನು ಮನೀಷನ ತಟ್ಟೆಗಿಟ್ಟು, ದೂರದ ಗೋಡೆಯನ್ನು ನೋಡುತ್ತ, “ಅದು ದೊಡ್ಡ ಕತೆ” ಎಂದರು. ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ನಲ್ಲಿ ತಿರುಗಿದ ಸದ್ದು ಕೇಳಿತು.

ಮುಂದಿನ ದಿನಗಳಲ್ಲಿ ಮನೀಷ ನೆಟ್ಟಗಿರಲಿಲ್ಲ. ಬಳಗದವರೆಲ್ಲ ಒಂದು ಭಾನುವಾರ ವಿಡಿಯೋ ಕರೆಯಲ್ಲಿ ರವಿರಾಜಣ್ಣನನ್ನು ಮಾತಾಡಿಸುವುದೆಂದು ನಿಶ್ಚಯವಾಯಿತು. ತಾವು ಕಟ್ಟುತ್ತಿರುವ ಹೊಸ ಟೆನ್‌ಬ್ರೂಕಿನ ಹೆಸರುಗಳಲ್ಲಿ ‘ಹೊಸ್ತಿಲುಗಳ ವಿನ್ಯಾಸ: ರವಿರಾಜ, ಕೋಲ್ಕತ್ತ’ ಎಂದು ಹಾಕುತ್ತೇವೆ ಎಂದರಂತೆ. ಈ ಸುದ್ದಿ ಕೇಳಿದ ದಿನ ರವಿರಾಜಣ್ಣ ನನಗೆ ಬಡಿಸಿದ ಪಾಯಸ ಇಬ್ಬರು ಉಣ್ಣುವಷ್ಟಿತ್ತು.

ಅವರು ಒಂದೇ ಒಂದು ಷರತ್ತು ಹಾಕಿದರು. ತಾನು ಕನ್ನಡದಲ್ಲೇ ಮಾತಾಡುವುದು, ಪ್ರಣೀತಾ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು.

“ನಿಮಗೆ ಇಂಗ್ಲಿಷ್ ಬರುತ್ತಲ್ಲ” ಎಂದೆ.

“ಬರ್ತದೆ. ಆದ್ರೂ ಅವಳೇ ಹೇಳಲಿ” ಎಂದರು. ಸ್ವಲ್ಪ ಹೊತ್ತು ಮೇಜು ಒರೆಸಿ, ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅವಳ ಬಾಯಲ್ಲಿ ಒಂದ್ಸಲ ಬರ್ಬೇಕು, ನಿಹಾರಿಕಾ. ನಮ್ಮ ಪಪ್ಪ ಮಾಡಿದ್ದು ಅಂತ. ಮತ್ತೆ ನಂಗೆ ಯಾರು ನಂಬಿದ್ರೂ ಒಂದೇ, ಬಿಟ್ರೂ ಒಂದೇ.”

ಅಷ್ಟು ವರ್ಷ ಅವರನ್ನು ಗೇಲಿ ಮಾಡಿದ ನಾನು ಎದ್ದು, ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದ ಮೇಜುಗಳನ್ನು ಒರೆಸಿದೆ. ಪ್ರಣೀತಾ ಒಪ್ಪಿದಳು. ಒಪ್ಪಿದ್ದು ಹೇಗೆಂದರೆ, “ಫೈನ್. ಬಟ್ ಪಪ್ಪ ಹೇಳಿದ್ದೇ ಹೇಳ್ತೇನೆ, ಎಕ್ಸ್‌ಟ್ರಾ ಕಿಛು ನಾ” ಎಂದು. ಹೇಳಿದ್ದನ್ನಷ್ಟೇ, ಹೆಚ್ಚಿಗೆ ಏನೂ ಇಲ್ಲ. ಅಪ್ಪನಿಗೂ ಬೇಕಾಗಿದ್ದದ್ದು ಅಷ್ಟೇ.

ಎಲ್ಲ ಕೆಟ್ಟದ್ದು ಸಾಂಬಾರಿನಿಂದ. ಕರೆಯ ಹಿಂದಿನ ದಿನ ಟಾಲಿಗಂಜಿನಲ್ಲಿ ನಮ್ಮ ಕನ್ನಡ ಸಂಘದ ಯಶವಂತನ ಫ್ಲ್ಯಾಟಿನಲ್ಲಿ ಸತ್ಯನಾರಾಯಣ ಪೂಜೆ. ಅಡುಗೆ ರವಿರಾಜಣ್ಣನವರದು. ಭಕ್ತಿ ಉಕ್ಕಿದ್ದ ಮನೀಷ ಅವರಿಗೆ ಸಹಾಯ ಮಾಡುತ್ತೇನೆಂದು ಹಟ ಹಿಡಿದು, ಸಾಂಬಾರಿನ ದೊಡ್ಡ ಪಾತ್ರೆಯ ಒಂದು ಕಿವಿ ಹಿಡಿದ. ಇನ್ನೊಂದು ಕಿವಿ ರವಿರಾಜಣ್ಣನದು. ಇಬ್ಬರೂ ಲಿಫ್ಟಿನಿಂದ ಬಂದು ಫ್ಲ್ಯಾಟಿನ ಬಾಗಿಲು ಮುಟ್ಟಿದರು. ನಾನು ಒಳಗೆ ಎಲೆ ಒರೆಸುತ್ತ ಇದ್ದವಳು ನೋಡುತ್ತಿದ್ದೆ. ಮನೀಷ ಸೀದಾ ಒಳಗೆ ನುಗ್ಗಿದ. ರವಿರಾಜಣ್ಣ ಹೊಸ್ತಿಲ ಮುಂದೆ ಒಂದು ಕ್ಷಣ ನಿಂತರು. ಎಡಗಾಲನ್ನು ಪುಟ್ಟದಾಗಿ ಮುಂದಿಟ್ಟು, ಆಮೇಲೆ ಬಲಗಾಲನ್ನು ಹೊಸ್ತಿಲ ಆಚೆ ಇಟ್ಟರು. ಅಷ್ಟರಲ್ಲಿ ಪಾತ್ರೆ ಒಂದು ಕಡೆಗೆ ವಾಲಿ ಬಿಸಿ ಸಾಂಬಾರು ಮನೀಷನ ಪಾದದ ಮೇಲೆ ಹರಿಯಿತು.

“ಯಾಕೆ ನಿಂತ್ರಿ ಸರ್” ಎಂದು ಅವನು ಒಂಟಿ ಕಾಲಿನಲ್ಲಿ ಕುಣಿಯುತ್ತ ಕೇಳಿದ.

“ಪೂಜೆಯ ಮನೆಗೆ ಎಡಗಾಲಿಟ್ಟು ಹೋಗ್ಲಿಕ್ಕುಂಟಾ?” ಎಂದರು ರವಿರಾಜಣ್ಣ.

ಹೊಸ್ತಿಲ ನಿಯಮದ ಮೇಲೆ ಲೇಖನ ಬರೆದಿದ್ದ ವಿದ್ವಾಂಸನ ಪಾದಕ್ಕೇ ಆ ನಿಯಮ ಬಿಸಿಬಿಸಿಯಾಗಿ ಸುರಿದಿತ್ತು. ಅವನು ತಣ್ಣೀರು ಹುಡುಕಿಕೊಂಡು ಬಾತ್‌ರೂಮಿಗೆ ಓಡಿದ. ನಾನು ಎಲೆ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಆ ವಿಡಿಯೋವನ್ನು ಮನೀಷ ನನಗೆ ಬೇಡವೆಂದರೂ ಎಷ್ಟು ಸಲ ತೋರಿಸಿದ್ದನೆಂದರೆ, ಈ ನಿಲ್ಲುವುದು, ಈ ಪುಟ್ಟ ಹೆಜ್ಜೆ, ಈ ದಾಟುವುದು ನನ್ನ ಕಣ್ಣಿಗೆ ಕಟ್ಟಿತ್ತು.

ಊಟ ಮುಗಿದು ಪಾತ್ರೆಗಳು ಹೊರಗೆ ಹೋಗುವ ಹೊತ್ತಿಗೆ ರವಿರಾಜಣ್ಣನನ್ನು ಬಾಲ್ಕನಿಗೆ ಕರೆದು ವಿಡಿಯೋ ತೋರಿಸಿದೆ. ಅವರು ಮೊದಲ ಬಾರಿಗೆ ಕಳ್ಳಿಯ ಕಾಲುಗಳನ್ನು ನೋಡಿದರು. ನಿಂತಲ್ಲಿಂದ ಹೊರಟರೆ ಅವಳ ಮೊದಲ ಹೆಜ್ಜೆ ಯಾವಾಗಲೂ ಎಡಗಾಲಿನದು, ಕಂಪನಿಯವರು ಆಟವನ್ನು ಹಾಗೇ ಮಾಡಿದ್ದರು ಎಂದು ರವಿರಾಜಣ್ಣನೇ ಹೇಳಿದರು. ಹಾಗಾಗಿ ಬಲಗಾಲಿನಲ್ಲಿ ಒಳಗೆ ಹೋಗಬೇಕಾದರೆ ಹೊಸ್ತಿಲ ಹಿಂದೆ ನಿಲ್ಲಿಸಿ, ಎಡಗಾಲಿನ ಹೆಜ್ಜೆಯನ್ನು ಅಲ್ಲೇ ಮುಗಿಸಿ, ಮತ್ತೆ ದಾಟಿಸಬೇಕು. ಅವರ ಬೆರಳುಗಳು ಅದನ್ನು ಎರಡು ವರ್ಷ ಮಾಡಿದ್ದವು. ಅವರ ತಲೆಗೆ ಗೊತ್ತೇ ಇರಲಿಲ್ಲ.

“ಕಂಬ ಸುತ್ತಿದ್ದು?” ಎಂದೆ.

“ದೇವಸ್ಥಾನದಲ್ಲಿ ಹೇಗೆ ಸುತ್ತುದು, ಹಾಗೆ ಸುತ್ತಿದ್ದು. ಅಪ್ರದಕ್ಷಿಣೆ ಯಾರು ಬರ್ತಾರೆ?”

“ಮತ್ತೆ ಬಾಗಿಲ ಮುಂದಿನ ಒಂದು, ಸೊನ್ನೆ?”

“ನಾನು ನೋಡಿ ಆದ ಬಾಗಿಲಿಗೆ ಒಂದು ಹಾಕುದು. ನೋಡದಿದ್ರೆ ಸೊನ್ನೆ.”

ಹಾಗೆ ಅವರ ನಿಜವಾದ ಕೆಲಸ ಹೊರಗೆ ಬಂತು. ಅವರು ನಕ್ಷೆ ಬರೆದಿರಲಿಲ್ಲ, ಯಾವುದನ್ನೂ ಕಟ್ಟಿರಲಿಲ್ಲ. ಅವರು ಟೆಸ್ಟರ್. ದಿನವಿಡೀ ಕಳ್ಳಿಯನ್ನು ಗೋಡೆಗೆ ಗುದ್ದಿಸಿ, ಎಲ್ಲಿ ಅವಳು ನೆಲದೊಳಗೆ ಬಿದ್ದಳು, ಎಲ್ಲಿ ಬಾಗಿಲು ತೆರೆಯಲಿಲ್ಲ ಎಂದು ನೋಡಿ, ಟೇಪು ಮಾಡಿ ಯುರೋಪಿಗೆ ಕಳಿಸುವುದು. ಪರರ ಕೋಟೆಗೆ ಕನ್ನ ಹಾಕಲು ಹೊರಟ ಹೆಂಗಸನ್ನು ಹೊಸ ಸೊಸೆಯ ಹಾಗೆ ಬಲಗಾಲಿಡಿಸಿ ಒಳಗೆ ಕಳಿಸಿದ್ದು ಬಿಟ್ಟರೆ, ಟೆನ್‌ಬ್ರೂಕಿಗೆ ಅವರು ಸೇರಿಸಿದ್ದು ಏನೂ ಇರಲಿಲ್ಲ.

ನನಗೆ ನಗು ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

“ಮನೀಷನಿಗೆ ಹೇಳ್ತೀಯಾ?” ಎಂದು ಕೇಳಿದರು.

“ನಾನು ಯಾಕೆ ಹೇಳಲಿ? ಅವನ ಕಾಲಿಗೇ ಗೊತ್ತಾಗಲಿಲ್ಲ, ನನ್ನ ಮಾತಿಗೆ ಗೊತ್ತಾಗುತ್ತಾ?” ಎಂದೆ. ಅವರು ನಗಲಿಲ್ಲ. ನಾಳೆ ಮಗಳ ಬಾಯಲ್ಲಿ ಏನು ಹೇಳಿಸಲಿ ಎಂಬ ಯೋಚನೆ ಅವರ ಮುಖದ ಮೇಲೇ ಇತ್ತು.

ಭಾನುವಾರ ಊಟದವರೆಲ್ಲ ಹೋದ ಮೇಲೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಮನೀಷನ ಲ್ಯಾಪ್‌ಟಾಪ್ ಇಟ್ಟರು. ಪರದೆಯಲ್ಲಿ ಮುಖಗಳೇ ಮುಖಗಳು. ಬಳಗದ ಹಿರಿಯ ಗಡ್ಡ ಬಿಟ್ಟ ಒಬ್ಬ ಡಚ್ ಮನುಷ್ಯ. ರವಿರಾಜಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಪಕ್ಕದಲ್ಲಿ ಪ್ರಣೀತಾ, ಸಬ್‌ಟೈಟಲ್ ಬರೆಯಲು ಕೂತಾಗಿನ ಮುಖ. ರತ್ನಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು. ನಾನು ಅವರ ಪಕ್ಕ.

ಗಡ್ಡದವನು ಇಂಗ್ಲಿಷಿನಲ್ಲಿ ಏನೋ ದೊಡ್ಡ ಪೀಠಿಕೆ ಹಾಕಿ ಪ್ರಶ್ನೆ ಕೇಳಿದ. ಪ್ರಣೀತಾ ಅಪ್ಪನ ಕಡೆ ತಿರುಗಿದಳು.

“ಪಪ್ಪ, ಅವರು ಕೇಳ್ತಿದ್ದಾರೆ, ಆ ಹೆಂಗಸು ಥೀಫ್ ಅಲ್ವಾ, ಮತ್ತೆ ಎಲ್ಲಾ ಬಾಗಿಲಲ್ಲಿ ಯಾಕೆ ರುಕ್ತಾಳೆ... ಯಾಕೆ ನಿಲ್ತಾಳೆ ಅಂತ. ಇಪ್ಪತ್ತೈದು ವರ್ಷದಿಂದ ಯಾರಿಗೂ ಗೊತ್ತಿಲ್ಲಂತೆ. ನೀವು ಯಾಕೆ ಹಾಗೆ ಮಾಡಿದ್ದು?”

ಕೇಳುವಾಗ ಅವಳ ಮುಖದಲ್ಲಿ ಒಂದು ಬದಲಾವಣೆ ಆಗಿತ್ತು. ಅವಳಿಗೆ ಉತ್ತರ ನಿಜವಾಗಿಯೂ ಬೇಕಾಗಿತ್ತು. ಅಪ್ಪ ಏನು ಹೇಳುತ್ತಾರೆಂದು ಅವಳು ಕಾದದ್ದನ್ನು ನಾನು ಆ ಹೋಟೆಲಿನಲ್ಲಿ ಎಂದೂ ನೋಡಿರಲಿಲ್ಲ. ರವಿರಾಜಣ್ಣನೂ ಅದನ್ನು ನೋಡಿದರು. ಒಂದು ಸಣ್ಣ ಸುಳ್ಳು ಸಾಕಿತ್ತು. ಅದರ ನೂರರಷ್ಟು ಸುಳ್ಳುಗಳನ್ನು ಅವರು ಚಟ್ನಿಯ ಜೊತೆ ಪುಕ್ಕಟೆಯಾಗಿ ಹಂಚಿದ್ದರು.

“ನಾನು ಎಂತದ್ದೂ ಮಾಡ್ಲಿಲ್ಲ ಮಗಾ” ಎಂದರು. “ನಾನು ಟೆಸ್ಟರ್. ಬಾಗಿಲು ತೆಗೀತದಾ ಇಲ್ವಾ ನೋಡುದು, ಅಷ್ಟೇ ನನ್ನ ಕೆಲಸ. ಸಣ್ಣದಿರುವಾಗ ಎಡಗಾಲಿಟ್ಟು ಮನೆ ಒಳಗೆ ಬಂದ್ರೆ ಅಮ್ಮ ಮತ್ತೆ ಹೊರಗೆ ಕಳಿಸಿ ಸರಿಯಾಗಿ ಬರ್ಲಿಕ್ಕೆ ಹೇಳ್ತಿದ್ರು. ಅದು ಕೈಗೂ ಅಭ್ಯಾಸ ಆಗಿದೆ. ಅವಳನ್ನೂ ಹಾಗೇ ದಾಟಿಸಿದ್ದೇನೆ. ನಂಗೇ ಗೊತ್ತಿರ್ಲಿಲ್ಲ, ನಿನ್ನೆ ಗೊತ್ತಾದದ್ದು. ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಬರೀ ಬೊಗಳೆ. ಇದನ್ನೇ ಹೇಳು ಅವರಿಗೆ.”

ಸ್ಟೇಷನ್ನಿನಲ್ಲಿ ಒಂದು ಲೋಕಲ್ ಬಂದು ನಿಂತು ಹೋಯಿತು. ಪ್ರಣೀತಾ ಅಪ್ಪನನ್ನು ನೋಡುತ್ತಲೇ ಇದ್ದಳು. ಪರದೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಮನೀಷನಿಗೆ ಕನ್ನಡ ಬರುತ್ತದೆ, ಆದರೆ ಅವನು ಆ ಹೊತ್ತಿಗೆ ರೆಕಾರ್ಡಿಂಗ್ ಸರಿಯಾಗಿ ಆಗಲೆಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದರ ಗುಂಡಿಗಳನ್ನು ತಿರುಗಿಸುತ್ತಿದ್ದ. ಇತಿಹಾಸವನ್ನು ದಾಖಲಿಸುವ ಗಡಿಬಿಡಿಯಲ್ಲಿ ಇತಿಹಾಸವೇ ಅವನ ಕಿವಿ ತಪ್ಪಿತು.

ಪ್ರಣೀತಾ ಕ್ಯಾಮೆರಾದ ಕಡೆ ತಿರುಗಿ ತನ್ನ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದಳು: “ನನ್ನ ತಂದೆ ಹೇಳುತ್ತಿದ್ದಾರೆ, ಯಾವ ಮನೆಯಾದರೂ ಮನೆಯೇ. ಒಳಗೆ ಹೋಗುವವಳು ಕಳ್ಳಿಯಾದರೂ ಹೊಸ್ತಿಲಿಗೆ ಮರ್ಯಾದೆ ಕೊಡಬೇಕು. ಹಾಗಾಗಿ ಆ ಬಾಗಿಲುಗಳನ್ನು ಹಾಗೆ ಮಾಡಿದ್ದು ನನ್ನ ತಂದೆ.”

ನಾನು ಬಾಯಿ ತೆರೆದೆ. ರತ್ನಕ್ಕ ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು, ಗಟ್ಟಿಯಾಗಿ.

ಪರದೆಯಲ್ಲಿ ಚಪ್ಪಾಳೆ. ರವಿರಾಜಣ್ಣನಿಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ. ಕೇಳಬೇಕೆಂದು ವರ್ಷಗಟ್ಟಲೆ ಹಂಬಲಿಸಿದ ಮಾತು, ಕೇಳಬೇಕೆಂದಿದ್ದ ಬಾಯಿಂದಲೇ ಬಂದಿತ್ತು. ಅವರು ಗಾಬರಿಯಾಗಿ ಕೈ ಆಡಿಸಿದರು.

“ನೋ, ನೋ. ಟೆಸ್ಟರ್. ಓನ್ಲಿ ಟೆಸ್ಟರ್. ಐ ಚೆಕ್ ಡೋರ್ಸ್” ಎಂದರು ನೇರವಾಗಿ ಕ್ಯಾಮೆರಾ ನೋಡಿ.

ಡಚ್ ಗಡ್ಡದವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇಷ್ಟು ದೊಡ್ಡ ಕೆಲಸ ಮಾಡಿಯೂ ತನ್ನನ್ನು ಬರೀ ಟೆಸ್ಟರ್ ಎಂದುಕೊಳ್ಳುವ ಮನುಷ್ಯನನ್ನು ತಾನು ಜೀವನದಲ್ಲಿ ಕಂಡಿಲ್ಲ ಎಂದ. ಬ್ರೆಜಿಲಿನ ಹುಡುಗಿಯೊಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ರವಿರಾಜಣ್ಣ ಮತ್ತೆರಡು ಸಲ ಟೆಸ್ಟರ್ ಎಂದರು. ಅವರು ಹೇಳಿದಷ್ಟೂ ಅವರ ಕೀರ್ತಿ ಏರುತ್ತಾ ಹೋಯಿತು.

ಅದರ ನಂತರದ್ದು ನಿಮಗೆ ಗೊತ್ತಿರಬಹುದು, ಇಲ್ಲಿಯ ಒಂದು ಬಂಗಾಳಿ ಪತ್ರಿಕೆಯಲ್ಲೂ ಫೋಟೋ ಬಂತು. ನಮ್ಮ ಸಂಘದ ಎರಡೂ ಪಂಗಡಗಳು ಚರಿತ್ರೆಯಲ್ಲಿ ಮೊದಲ ಬಾರಿಗೆ ಒಂದಾಗಿ, ಟಾಲಿಗಂಜಿನ ಹಾಲ್ ಒಂದರಲ್ಲಿ ಒಂದು ಮಧ್ಯಾಹ್ನ ರವಿರಾಜಣ್ಣನಿಗೆ ಸನ್ಮಾನ ಮಾಡಿದವು. ಆ ದಿನದ ಅಡುಗೆಯೂ ಅವರದೇ, ಬೇರೆ ಯಾರು ಮಾಡಬೇಕು? ಶಾಲು ಹೊದೆಸಿಕೊಂಡ ಮೇಲೆ ಅವರು ಮೈಕ್ ಹಿಡಿದು, ನಾನು ಯಾವ ಆಟವನ್ನೂ ಮಾಡಿಲ್ಲ, ಅದೆಲ್ಲ ಬಲಗಾಲಿನ ಅಭ್ಯಾಸ, ನನ್ನನ್ನು ನಂಬಿ ಎಂದು ಬೇಡಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಧ್ಯಕ್ಷರಾದ ಶ್ಯಾಮಸುಂದರ ಅವರು ಮೈಕ್ ತೆಗೆದುಕೊಂಡು, “ರವಿರಾಜ ಮೊದಲಿನಿಂದಲೂ ಹೀಗೇ. ತಮ್ಮ ಬಗ್ಗೆ ಒಂದು ಮಾತು ಹೇಳಿಕೊಂಡವರಲ್ಲ” ಎಂದರು. ಪಾಯಸಕ್ಕೆ ಗೋಡಂಬಿ ಹಾಕುತ್ತಿದ್ದ ರತ್ನಕ್ಕನಿಗೆ ಬಿಕ್ಕಳಿಕೆ ಹತ್ತಿ ನೀರು ಕುಡಿಸಬೇಕಾಯಿತು.

ಹಿಂದಿರುಗುವಾಗ ಪಾತ್ರೆಗಳು ಟೆಂಪೋದಲ್ಲಿ ಹೋದವು. ನಾವು ನಾಲ್ವರು ಟ್ಯಾಕ್ಸಿ ಹಿಡಿದೆವು. ನಾನು ಡ್ರೈವರನ ಪಕ್ಕ, ಅವರು ಮೂವರೂ ಹಿಂದೆ. ರವಿರಾಜಣ್ಣ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸನ್ಮಾನವಾದವರ ಹಾಗೆ ಕಾಣುತ್ತಿರಲಿಲ್ಲ.

“ಸುಳ್ಳು ಹೇಳುವಾಗ ಒಬ್ಬ ನಂಬ್ಲಿಲ್ಲ. ಈಗ ಸತ್ಯ ಹೇಳಿದ್ರೂ ಒಬ್ಬ ನಂಬುದಿಲ್ಲ” ಎಂದರು. ಆಮೇಲೆ ಮಗಳ ಕಡೆ ತಿರುಗಿದರು. “ಎಲ್ಲ ನಿನ್ನಿಂದ ಆದದ್ದು. ನಾನು ಅಷ್ಟು ಸರಿಯಾಗಿ ಹೇಳಿದ್ದೆ. ನೀನು ಯಾಕೆ ಹಾಗೆ ಹೇಳಿದ್ದು?”

ಪ್ರಣೀತಾ ಕಿಟಕಿಯ ಆಚೆ ನೋಡುತ್ತಿದ್ದಳು. ಅವಳು ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿಕೊಳ್ಳುತ್ತಿದ್ದಾಳೆಂದು ನನಗೆ ಅನ್ನಿಸಿತು.

“ಪಪ್ಪ, ನೀವು ಆ ದಿನ ಹೇಳಿದ್ದು ನಾನು ಪೂರಾ ನಂಬಿದೆ. ಫಸ್ಟ್ ಟೈಮ್” ಎಂದಳು. “ಅದನ್ನು ಅವರಿಗೆ ಕೊಡ್ಲಿಕ್ಕೆ ನಂಗೆ ಮನಸ್ಸು ಬರ್ಲಿಲ್ಲ.”

ಲೇಕ್ ಗಾರ್ಡನ್ಸ್ ಬರುವವರೆಗೂ ರವಿರಾಜಣ್ಣ ಒಂದು ಮಾತೂ ಆಡಲಿಲ್ಲ. ರತ್ನಕ್ಕ ಹೆದರಿ ಅವರ ಹಣೆ ಮುಟ್ಟಿ ನೋಡಿದರು.